ಒಂದೇ ಬಟ್ಟಲಿನ ಭ್ರೂಣಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಿ.ಎಸ್ಸಿ. ಮುಗಿಸಿದ ನನಗೆ ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಹೊರದೇಶದಲ್ಲಿ ಓದಿ ಬಂದಿದ್ದ ನಿವೃತ್ತ ಪಶುವೈದ್ಯರೊಬ್ಬರು ಅಲ್ಲಿ ಮೊಲ ಸಾಕಿ, ಅವುಗಳ ಎಳೆಯ ಭ್ರೂಣಗಳನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಲು ಒದ್ದಾಡುತ್ತಿದ್ದರು. ಬಟ್ಟಲಲ್ಲಿರುತ್ತಿದ್ದುದು ಉಪ್ಪು, ಗ್ಲೂಕೋಸ್ ಬೆರೆಸಿದ ನೀರು. ಕೋಳಿಮೊಟ್ಟೆ ಮರಿ ಮಾಡಿಸುವ ಸೀಮೆಎಣ್ಣೆ ದೀಪದ ಪೆಟ್ಟಿಗೆಯೇ ಅವಕ್ಕೆ ಕಾವು.

ನನ್ನ ಜೊತೆಗಿದ್ದವಳು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ್ದ ಮನೆತನದ ವಿಧವೆ. ಗಾಜು ತೊಳೆಯಲು ಸೇರಿದವಳಿಗೆ ಡಾಕ್ಟರು ಸೂಕ್ಷ್ಮದರ್ಶಕ ನೋಡುವುದನ್ನೂ ಭ್ರೂಣ ಎತ್ತಿಡುವುದನ್ನೂ ಕಲಿಸಿದ್ದರು. ಅವಳ ಕೈ ನನ್ನ ಕೈಗಿಂತ ಸ್ಥಿರವಾಗಿತ್ತು. ಅದು ನನಗೆ ಹಿಡಿಸುತ್ತಿರಲಿಲ್ಲ.

ಲೆಕ್ಕ ತಪ್ಪಬಾರದೆಂದು ನಾನು ಬಟ್ಟಲಿಗೆ ಒಂದೊಂದೇ ಭ್ರೂಣ ಇಡುತ್ತಿದ್ದೆ. ನಾಲ್ಕೋ ಎಂಟೋ ಕೋಶಗಳಾಗುವಷ್ಟರಲ್ಲಿ ಅವು ಕಪ್ಪಾಗಿ ನಿಂತುಬಿಡುತ್ತಿದ್ದವು. ನಾನು ರಜೆಯಲ್ಲಿದ್ದ ಭಾನುವಾರಗಳಂದು ಅವಳಿಟ್ಟವು ಮಾತ್ರ ದುಂಡಗೆ ತುಂಬಿಕೊಂಡು ಬೆಳೆಯುತ್ತಿದ್ದವು. ಎರಡು ಸಲವಾದರೆ ಅದೃಷ್ಟ ಎನ್ನಬಹುದು. ಐದನೆಯ ಸಲ ನನಗೆ ಸಂಶಯ ಗಟ್ಟಿಯಾಯಿತು. ಹಾಲು ಬೆರೆಸುತ್ತಾಳೆಯೇ? ಮೊಲದಿಂದ ಆಗ ತಾನೇ ತೆಗೆದ ದೊಡ್ಡ ಭ್ರೂಣಗಳನ್ನು ತಂದಿಟ್ಟು ನಮ್ಮ ಕಣ್ಣಿಗೆ ಮಣ್ಣೆರಚುತ್ತಾಳೆಯೇ? ಅವಳ ಸೆರಗಿನ ಗಂಟನ್ನೂ ಕದ್ದು ನೋಡತೊಡಗಿದೆ. ಕೊನೆಗೆ ಡಾಕ್ಟರ ಬಳಿ ಹೋಗಿ, "ಆಕೆ ಏನೋ ಮೋಸ ಮಾಡ್ತಿದ್ದಾರೆ ಸಾರ್," ಎಂದುಬಿಟ್ಟೆ.

ಅವರು ಅವಳನ್ನು ಕರೆಸಿ ನನ್ನೆದುರಿಗೇ ಕೇಳಿದರು. ಅವಳು ನನ್ನನ್ನೇ ನೋಡಿದಳು.

"ನಾನೇನ್ ಬೆರೆಸ್ಲಿ ಕಣವ್ವ? ಹತ್ತು ಬಟ್ಲು ತೊಳ್ಯಾದ್ಯಾಕೆ ಅಂತ ಎಲ್ಲಾನೂ ಒಂದ್ರಲ್ಲೇ ಇಡ್ತಿದ್ದೆ. ಅಷ್ಟೇಯ."

"ಅಷ್ಟರಿಂದ ಹೇಗೆ ಬೆಳೆಯುತ್ತೆ ಅಕ್ಕ?" ಎಂದೆ. ನಂಬಿರಲಿಲ್ಲ.

"ನಂಗೇನ್ ಗೊತ್ತು? ಓದ್ದೋಳು ನೀನು."

ಡಾಕ್ಟರು ಬೈಯಲಿಲ್ಲ. ಒಂದೇ ಮೊಲದ ಭ್ರೂಣಗಳನ್ನು ಎರಡು ಪಾಲು ಮಾಡಿಸಿದರು. ಅರ್ಧವನ್ನು ಬಟ್ಟಲಿಗೊಂದರಂತೆ ಒಂಟಿಯಾಗಿ, ಅರ್ಧವನ್ನು ಒಂದೇ ಬಟ್ಟಲಿನಲ್ಲಿ ನಾನೇ ಇಟ್ಟೆ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ತೆಗೆದಾಗ ಒಂಟಿಯವು ಬೆಳೆಯದೆ ನಿಂತಿದ್ದವು. ಒಟ್ಟಿಗಿದ್ದವು ಬೆಳೆದಿದ್ದವು. ಮತ್ತೆ ಮಾಡಿದೆವು, ಹಾಗೆಯೇ ಆಯಿತು.

"ನೀರಿಗೆ ಏನನ್ನೋ ಬಿಡ್ತಿವೆ ಇವು. ಒಂದು ಬಿಟ್ಟದ್ದು ಇನ್ನೊಂದಕ್ಕೆ ಒದಗ್ತಿದೆ," ಎಂದರು ಡಾಕ್ಟರು. ಅದೇನೆಂದು ಅವರಿಗೂ ತಿಳಿದಿರಲಿಲ್ಲ. ಬೆಳವಣಿಗೆಯ ಅಂಶಗಳು ಎಂಬ ಮಾತನ್ನು, ಭ್ರೂಣಗಳು ತಾವೇ ಅಂಥವನ್ನು ಸ್ರವಿಸುತ್ತವೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಡಾಕ್ಟರು ಹಾಗೆಂದ ದಿನವೇ ಅವಳಲ್ಲಿ ತಪ್ಪೊಪ್ಪಿಕೊಂಡೆ. "ಹೋಗ್ಲಿ ಬುಡು," ಎಂದಳು. ಆದರೆ ಅಂದಿನಿಂದ ಪೆಟ್ಟಿಗೆಯ ಬಾಗಿಲು ಮುಚ್ಚುವ ಮೊದಲು ಪ್ರತಿ ಸಲವೂ ನನ್ನನ್ನು ಕರೆಯುತ್ತಿದ್ದಳು.

"ಬಂದು ನೋಡ್ಕೊಂಡ್ಬುಡವ್ವ, ಆಮೇಲೆ ಮುಚ್ತೀನಿ."

ಬೇಡವೆಂದರೂ ಕೇಳುತ್ತಿರಲಿಲ್ಲ. ನಾನು ಎದ್ದು ಹೋಗಿ ನೋಡಿ ಬರುತ್ತಿದ್ದೆ.