ಅಕ್ಕನ ಕಾಲುಂಗುರ

ಟಿಣ್, ಟಿಣ್. ಭೇರ್ಯದ ಮನೆಯ ಗಾರೆ ನೆಲದ ಮೇಲೆ ಬೆಳ್ಳಿ ಕಾಲುಂಗುರದ ಆ ಸದ್ದು ಕೇಳಿದರೆ, ನನ್ನ ವಾರಗಿತ್ತಿ ಕಾಫಿ ತರುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಒಲೆ ಹಚ್ಚಲು ಕಲಿಸಿದವರು ಅವರೇ. ನಾನು ಅಕ್ಕ ಎನ್ನುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಆ ಸದ್ದಿನ ಜೊತೆ ಕಾಲೆಳೆಯುವ ಸದ್ದೂ ಸೇರಿತು. ಎಡಪಾದ ಊದಿ, ಬಿಸಿಯಾಗಿ, ಉಂಗುರ ಬೆರಳೊಳಗೆ ಹೂತಿತ್ತು.

"ನೋವೇ ಇಲ್ಲ ಕಣೇ, ಬುಡು," ಎಂದು ನಕ್ಕರು.

ಕೆ.ಆರ್. ನಗರದ ಡಾಕ್ಟರ್ ನಗಲಿಲ್ಲ. ಶುಗರ್‌ನಿಂದ ನರಗಳು ಸತ್ತು ನೋವು ತಿಳಿಯುತ್ತಿಲ್ಲ, ಮುರಿದ ಮೂಳೆಯ ಮೇಲೇ ಓಡಾಡಿ ಪಾದದ ಜಾಯಿಂಟ್ ಕುಸಿದಿದೆ, ಪ್ಲಾಸ್ಟರ್ ಹಾಕಬೇಕು, ಮೊದಲು ಉಂಗುರ ಕತ್ತರಿಸದಿದ್ದರೆ ಬೆರಳು ಹೋಗುತ್ತದೆ ಎಂದರು.

"ಗಂಡ ಇರೋವಾಗ ಕಾಲುಂಗ್ರ ತೆಗಿಯಾದಾ? ಬೆರಳೇ ಓಗ್ಲಿ!" ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ಸ್ಟುಪಿಡ್ ಎನ್ನಬೇಕೆನಿಸಿತು. ಆದರೆ ನನ್ನ ಕಾಲಲ್ಲೂ ಉಂಗುರವಿತ್ತು.

ಮೂಲೆಯಲ್ಲಿದ್ದ ಭಾವ ಬಂದು ನೆಲಕ್ಕೆ ಕುಳಿತು, ಆ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ತೊಡ್ಸಿದ್ದು ನಾನು ಕಣೇ, ತೆಗ್ಸೋನೂ ನಾನೇ. ನಾನೇನ್ ಸಾಯಾಕಿಲ್ಲ, ಸುಮ್ಕಿರು. ಕುಯ್ರೀ ಡಾಕ್ಟ್ರೇ."

ಕೊನೆಯ ಸಲ ಅಕ್ಕನನ್ನು ನೋಡಿದಾಗ ಹತ್ತು ಬೆರಳೂ ಇದ್ದವು. ದಪ್ಪ ಚಪ್ಪಲಿ ಮೆಟ್ಟಿ, ನನ್ನನ್ನು ಕಳಿಸಲು ಜಗುಲಿಯವರೆಗೆ ಬಂದರು. ಕತ್ತರಿಸಿದ ಉಂಗುರವನ್ನು ತಾಳಿಯ ಜೊತೆ ಪೋಣಿಸಿಕೊಂಡಿದ್ದರು. ಬಗ್ಗಿ ನನ್ನ ಕೆನ್ನೆ ಸವರಿದಾಗ ಅದು ಟಿಣ್ ಎಂದಿತು.