ಇಬ್ಬರೂ ಸೇರಿ ಆರಿಸಿದ ಊರು

ಬಾದಾಮಿಗೆ ಹೋಗಿ ಇರೋಣ ಎಂದು ಮೊದಲು ಹೇಳಿದವಳು ಅವಳೇ, ನಾನಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಹಳೆಯ ಸಹೋದ್ಯೋಗಿಗಳ ಮುಂದೆ ಅವಳು ಈಗ ಇದನ್ನು ಬೇರೆ ರೀತಿ ಹೇಳುತ್ತಾಳಂತೆ.

ನಾವಿಬ್ಬರೂ ಹುನಗುಂದದ ಒಂದು ಹೈಸ್ಕೂಲಿನಲ್ಲಿ ಟೀಚರುಗಳಾಗಿದ್ದೆವು. ಅವಳದು ಗಣಿತ, ನನ್ನದು ಕನ್ನಡ. ಇಬ್ಬರ ಮನೆಯೂ ಇಳಕಲ್ಲಿನಲ್ಲಿ. ಅವಳು ನೇಕಾರರ ಮನೆಯವಳು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡ. ಒಬ್ಬಳೇ ಮಗಳನ್ನು ಬೆಳೆಸಿ ಸೊಲ್ಲಾಪುರಕ್ಕೆ ಕೊಟ್ಟಿದ್ದಳು. ನನ್ನ ಅಪ್ಪ ಅದೇ ಊರಿನ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದ ಮುಸಲ್ಮಾನ. ಅವಳ ಮಾವನ ಮಗ್ಗದ ನೂಲಿಗೂ ಹಾಕಿದ್ದ. ನಾನು ಮದುವೆಯಾಗಲಿಲ್ಲ. ತಮ್ಮನ ಮನೆಯ ಮೇಲಿನ ಖೋಲಿಯಲ್ಲಿದ್ದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಬೆಳಗಿನ ಒಂದೇ ಬಸ್ಸಿಗೆ ಹೋಗಿ ಸಂಜೆಯ ಒಂದೇ ಬಸ್ಸಿಗೆ ಬಂದೆವು. ಯಾರು ಮೊದಲು ಹತ್ತಿದರೂ ಇನ್ನೊಬ್ಬಳಿಗೆ ಸೀಟು ಹಿಡಿಯುತ್ತಿದ್ದೆವು.

ಅವಳ ಮನೆಯ ಎರಡೂ ಮಗ್ಗುಲಿಗೆ ಪಾವರ್‌ಲೂಮ್‌ಗಳಿದ್ದವು. ಗೋಡೆಗೆ ಒರಗಿದರೆ ಬೆನ್ನಿಗೆ ನಡುಕ ಹತ್ತುತ್ತಿತ್ತು. ಆ ಸದ್ದಿನಲ್ಲೇ ಇದ್ದು ಇದ್ದು ಅವಳ ಎಡಗಿವಿ ಅರ್ಧ ಹೋಗಿತ್ತು. ಬಸ್ಸಿನಲ್ಲಿ ನಾನು ಯಾವಾಗಲೂ ಅವಳ ಬಲಗಡೆಗೇ ಕೂರಬೇಕು.

ವರ್ಷಕ್ಕೊಮ್ಮೆ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮಿಬ್ಬರ ಪಾಲಿಗೇ ಬರುತ್ತಿತ್ತು. ಒಂದು ವರ್ಷ ಮಕ್ಕಳು ಡ್ರಿಲ್ ಮಾಸ್ತರರ ಹಿಂದೆ ಗುಹೆಗಳಿಗೆ ಹತ್ತಿಹೋದರು. ನಾವು ಗುಡ್ಡದ ಕೆಳಗಿನ ದೊಡ್ಡ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದೆವು. ಹೆಂಗಸರು ಬಟ್ಟೆ ಬಡಿಯುವ ಸದ್ದು ಎದುರಿನ ಕೆಂಪು ಬಂಡೆಗೆ ತಾಗಿ ಮತ್ತೆ ನಮ್ಮ ಕಡೆಗೇ ಬರುತ್ತಿತ್ತು.

“ನೋಡು, ಇಲ್ಲಿ ನನಗ ಎರಡೂ ಕಿವಿ ಕೇಳಸ್ತಾವು” ಅಂದಳು. “ನೌಕರಿ ಮುಗದ ಮ್ಯಾಲ ಇಬ್ರೂ ಇಲ್ಲೇ ಬಂದ ಇದ್ದಬಿಡೂಣು.”

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಬಸ್ಸಿನಲ್ಲೂ ಅದೇ ಮಾತು ತೆಗೆದಳು.

ಸ್ಟಾಫ್ ರೂಮಿನಲ್ಲಿ ಇದು ಎಲ್ಲರಿಗೂ ಚೇಷ್ಟೆಯ ವಿಷಯವಾಯಿತು. “ಗುಡ್ಡದ ಊರು ಬೇಕಂದ್ರ ಮಹಾಬಳೇಶ್ವರಕ್ಕ ಹೋಗ್ರಿ. ಬಾದಾಮ್ಯಾಗ ಏನೈತ್ರಿ, ಬಿಸಲು ಮತ್ತ ಮಂಗ್ಯಾ” ಎನ್ನುತ್ತಿದ್ದರು. ನಾವು ಮಾತ್ರ ಖರೆ ಖರೆ ಊರು ನೋಡತೊಡಗಿದೆವು. ಅವಳು ನನಗಿಂತ ಒಂದು ವರ್ಷ ಮೊದಲು ನಿವೃತ್ತಳಾಗುವವಳಿದ್ದಳು. ಅವಳ ಕೊನೆಯ ವರ್ಷದಲ್ಲಿ ರವಿವಾರ ಬಂತೆಂದರೆ ರೊಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಗುಳೇದಗುಡ್ಡಕ್ಕೆ ಹೋದೆವು, ಬಸ್ಸಿಳಿದು ನಾಲ್ಕು ಹೆಜ್ಜೆ ಇಡುವುದರೊಳಗೆ ಮಗ್ಗದ ಸದ್ದು ಕೇಳಿಸಿತು, ಚಹಾ ಕುಡಿದು ವಾಪಸ್ಸು ಬಂದೆವು. ಶಿವಯೋಗ ಮಂದಿರದ ಕಡೆ ಹೊಳೆಯ ದಂಡೆ ಅವಳಿಗೆ ಬಹಳ ಹಿಡಿಸಿತು. ಆದರೆ ನಾಳೆ ಮೊಣಕಾಲು ಹಿಡಿದರೆ ದವಾಖಾನೆಗೆ ಹೋಗುವುದು ಹೇಗೆ? ಪಟ್ಟದಕಲ್ಲಿನಲ್ಲೂ ಅದೇ ಪ್ರಶ್ನೆ. ಕಡೆಗೆ ಬಾದಾಮಿಯೇ ಎಂದಾಯಿತು. ಗುಡ್ಡವಿದೆ, ನೀರಿದೆ, ದವಾಖಾನೆ, ಸಂತೆ, ಬಸ್ಸು ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ.

ಮನೆ ಸಿಗುವುದು ಮಾತ್ರ ಸುಲಭವಿರಲಿಲ್ಲ. ಒಳ್ಳೆಯ ಮನೆಗಳನ್ನೆಲ್ಲ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು. ಏಳನೆಯದೋ ಎಂಟನೆಯದೋ ರವಿವಾರ ಒಂದು ಸಿಕ್ಕಿತು. ಗುಡ್ಡದ ಬುಡದ ಓಣಿಯಲ್ಲಿ ಎರಡು ಖೋಲಿ, ಒಂದು ಪಡಸಾಲೆ. ಹಿತ್ತಲ ಗೋಡೆಯ ಆಚೆ ನೇರವಾಗಿ ಬಂಡೆಯೇ ಎದ್ದು ನಿಂತಿತ್ತು. ಮಂಗಗಳ ಕಾಟಕ್ಕೆ ಕಿಟಕಿಗೆ ಜಾಳಿಗೆ ಹೊಡೆಸಿದ್ದರು. ಮುಂದಿನ ಭಾಗದಲ್ಲಿ ಮನೆಯ ಯಜಮಾನರು, ಸರಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರು, ಹೆಂಡತಿಯೊಡನೆ ಇದ್ದರು. ಅಂದು ನಾವಿಬ್ಬರೂ ಇಳಕಲ್ ಸೀರೆ ಉಟ್ಟಿದ್ದೆವು. ಮಾತಾಡಿದವಳು ಹೆಚ್ಚಾಗಿ ನಾನೇ. ಅವರು ಚಹಾ ಕೊಟ್ಟು, “ಟೀಚರ, ನಿಮ್ಮ ಮಾತ ಕೇಳಕೋತ ಕೂಡಬೇಕ ಅನಸ್ತೈತಿ ನೋಡ್ರಿ” ಅಂದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ, “ಅಕ್ಕ ತಂಗೇರೇನ್ರಿ?” ಎಂದು ಕೇಳಿದರು.

“ಹೌದ್ರಿ” ಅಂದಳು ಅವಳು, ನನ್ನ ಕೈ ಹಿಸುಕಿ.

ಬಸ್ಸಿನಲ್ಲಿ ಅದನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಇಂದು ನೆನೆದರೆ ನಗು ಬರುವುದಿಲ್ಲ. ಆ ‘ಹೌದ್ರಿ’ ಪ್ರೀತಿಯಿಂದ ಹೊರಟಿತೋ, ನನ್ನ ಹೆಸರು ಮುಚ್ಚಲು ಹೊರಟಿತೋ, ಎಷ್ಟು ವಿಚಾರ ಮಾಡಿದರೂ ತಿಳಿಯುವುದಿಲ್ಲ.

ಕರಾರು ಪತ್ರಕ್ಕೆ ಇಬ್ಬರ ಆಧಾರ್ ಕಾರ್ಡಿನ ಝೆರಾಕ್ಸ್ ಬೇಕೆಂದು ಅವರು ಹೇಳಿದ್ದರು. ಮುಂದಿನ ರವಿವಾರ ನನಗೆ ಪರೀಕ್ಷೆಯ ಕೆಲಸ ಬಿತ್ತು. ಅವಳೊಬ್ಬಳೇ ಎರಡೂ ಪ್ರತಿ ತೆಗೆದುಕೊಂಡು ಹೋದಳು. ಸೋಮವಾರ ಬಸ್ಸಿನಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು.

“ಮನಿ ಕೊಡೂದಿಲ್ಲಂತ. ಅವರ ಮಗ ಬಂದ ಇರಾಂವ ಅದಾನಂತ” ಅಂದಳು.

ನಾನೇ ಅವಳಿಗೆ ಸಮಾಧಾನ ಹೇಳಿದೆ. “ಹೋಗ್ಲಿ ಬಿಡ, ಅದೊಂದ ಮನಿ ಏನು?” ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ದುಃಖವೆಂದುಕೊಂಡೆ.

ಆ ಬೇಸಿಗೆಯಲ್ಲಿ ಅವಳು ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಅವಳ ಬಗ್ಗೆ ಮಾತಾಡಿದವಳು ನಾನೇ. ಕೆಲವು ದಿನ ಕಳೆದು, ಮಗಳ ಮನೆಯಲ್ಲಿ ಒಂದಿಷ್ಟು ತಿಂಗಳು ಇದ್ದು ಬರುತ್ತೇನೆಂದು ಹೇಳಿ ಸೊಲ್ಲಾಪುರಕ್ಕೆ ಹೋದಳು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಲ್ಲಿಯ ಬಿಸಿಲು, ಮೊಮ್ಮಗಳ ಹಟ, ಅಳಿಯನ ಪಥ್ಯ ಎಲ್ಲ ಹೇಳುತ್ತಿದ್ದಳು. ನಾನು ಅವಳಿಗೆ ಹೇಳದೆ ಮನೆ ಹುಡುಕುವುದನ್ನು ಮುಂದುವರಿಸಿದ್ದೆ. ಒಳ್ಳೆಯದೊಂದನ್ನು ಗೊತ್ತು ಮಾಡಿ ಒಮ್ಮೆಲೇ ತಿಳಿಸಬೇಕೆಂದು ಆಸೆ. ಫೋನಿನಲ್ಲಿ ಕೇಳಿದರೆ ಮನೆಯವರು ಉತ್ಸಾಹದಿಂದಲೇ ಮಾತಾಡುತ್ತಿದ್ದರು. ಕಡೆಗೆ ಹೆಸರು ಕೇಳುತ್ತಿದ್ದರು. ಹೇಳಿದ ಮೇಲೆ ಒಬ್ಬರಿಗೆ ಮನೆಯ ರಿಪೇರಿ ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಬೇರೆಯವರಿಗೆ ಕೊಟ್ಟ ಮಾತು ನೆನಪಾಗುತ್ತಿತ್ತು. ಬದುಕಿಡೀ ಕನ್ನಡ ಕಲಿಸಿದವಳು ನಾನು. ಅಷ್ಟು ಮೆತ್ತಗಿನ ಕನ್ನಡದಲ್ಲಿ ‘ಇಲ್ಲ’ ಅನ್ನಬಹುದೆಂದು ನನಗೆ ಗೊತ್ತಿರಲಿಲ್ಲ.

ದೀಪಾವಳಿಯ ರಜೆಯಲ್ಲಿ ನಾನೇ ಬಾದಾಮಿಗೆ ಹೋದೆ. ಆ ಹಳೆಯ ಓಣಿಯ ಪಕ್ಕದಲ್ಲೊಂದು ಮನೆ ಖಾಲಿ ಇದೆಯೆಂದು ಯಾರೋ ಹೇಳಿದ್ದರು. ಹಾದುಹೋಗುವಾಗ ಕಣ್ಣು ತಾನೇ ಆ ಕಡೆ ಹೋಯಿತು. ಪಡಸಾಲೆಯಲ್ಲಿ ಅವಳು ಕೂತಿದ್ದಳು. ಮುಂದೆ ಮೊರ, ಮೊರದ ತುಂಬ ಮೆಂತ್ಯದ ಸೊಪ್ಪು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಯಾವಾಗ ಬಂದಿ?” ಅಂದಳು, ನನ್ನನ್ನು ನೋಡಿ.

“ನೀ ಯಾವಾಗ ಬಂದಿ?”

ಅವಳು ಉತ್ತರ ಕೊಡುವ ಮೊದಲೇ ಯಜಮಾನರು ಹೊರಗೆ ಬಂದರು. ನನ್ನ ಗುರುತು ಹತ್ತಿತೋ ಇಲ್ಲವೋ. “ಯಾರ್ರೀ ಟೀಚರ?” ಎಂದು ಅವಳನ್ನೇ ಕೇಳಿದರು.

“ನಮ್ಮ ಸಾಲ್ಯಾಗ ಇದ್ದವರ್ರಿ” ಅಂದಳು.

ಅಷ್ಟು ವರ್ಷಗಳ ಬಸ್ಸು, ಅಷ್ಟು ವರ್ಷಗಳ ಬುತ್ತಿ, ನನ್ನ ತಾಯಿ ಸತ್ತಾಗ ಮೂರು ದಿನ ನಮ್ಮ ಮನೆಯಲ್ಲೇ ಇದ್ದು, ಬಂದವರಿಗೆಲ್ಲ ಅವಳು ಚಹಾ ಮಾಡಿದ್ದು. ಅವಳ ಬಾಯಲ್ಲಿ ಅದೆಲ್ಲವೂ ಇಷ್ಟೇ ಆಯಿತು. ‘ಇದ್ದವರು.’

ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಆಮೇಲೆ ಅಳುತ್ತ ಹೇಳಿದಳು. “ನಿನ್ನ ಆಧಾರ ಕಾರ್ಡ ನೋಡಿದ ಕೂಡ್ಲೆ ಅವರ ಮಾರಿ ಬದಲಾತು. ನಿಮಗೊಬ್ರಿಗೆ ಅಂದ್ರ ಕೊಡ್ತೇನಿ, ಇಬ್ರಿಗೆ ಆಗೂದಿಲ್ಲ ಅಂದ್ರು.”

“ನೀ ಏನಂದಿ?”

“ನಾ ಏನ ಅನ್ನಲಿ? ವಿಚಾರ ಮಾಡಿ ಹೇಳ್ತೇನಿ ಅಂದೆ. ನಿನಗ ಮನಸಿಗೆ ಹತ್ತಬಾರದಂತ ಹೇಳಲಿಲ್ಲ, ಖರೇನ.”

“ಸೊಲ್ಲಾಪುರದ ಬಿಸಲು?”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಮಗ್ಗದ ಸದ್ದಿನಾಗ ಇನ್ನ ಇರಾಕ ಆಗ್ತಿದ್ದಿಲ್ಲ. ನೀ ತಮ್ಮನ ಮನ್ಯಾಗ ಅದಿ. ನನಗ್ಯಾರದಾರ?”

ಅವಳ ಕಿವಿ, ಅವಳ ನಡುಗುವ ಗೋಡೆ ನನಗೆ ಗೊತ್ತಿಲ್ಲದ್ದೇನಲ್ಲ. ಬಂದು ನೇರವಾಗಿ ಹೇಳಿದ್ದರೆ, “ನೀ ಹೋಗಿರು, ನಾ ಬ್ಯಾರೆ ನೋಡ್ತೇನಿ” ಎಂದು ನಾನೇ ಅನ್ನುತ್ತಿದ್ದೆನೇನೋ. ಅನ್ನುತ್ತಿದ್ದೆನೆಂದು ಖಾತ್ರಿಯಾಗಿ ಹೇಳಲಾರೆ. ಆದರೆ ಅನ್ನುವ ಅವಕಾಶವನ್ನೇ ಅವಳು ಕೊಡಲಿಲ್ಲ. ಮುಖ ತಿರುಗಿಸಿದ ಮನೆಯವರು ಯಾರೋ ಪರರು. ತಿಂಗಳುಗಟ್ಟಲೆ ಫೋನಿನಲ್ಲಿ ಸೊಲ್ಲಾಪುರದ ಸುದ್ದಿ ಹೇಳಿದವಳು ಇವಳು. ಚಹಾ ಮುಂದಿಟ್ಟಳು. ಕುಡಿಯದೆ ಎದ್ದು ಬಂದೆ.

ಮರುವರ್ಷ ನಾನು ನಿವೃತ್ತಳಾದೆ. “ಆಪಾ, ಇಲ್ಲೇ ಇರು. ಆ ಊರಾಗ ನಿನಗ್ಯಾರದಾರ?” ಎಂದು ತಮ್ಮ ಎಷ್ಟೋ ಹೇಳಿದ. ಕೇಳಲಿಲ್ಲ. ಗುಡ್ಡದ ಆಸೆ ಆಗಲೇ ಅರ್ಧ ಸತ್ತಿತ್ತು, ಉಳಿದದ್ದು ಹಟ. ಅದು ಅವಳೊಬ್ಬಳ ಊರಾಗಬಾರದು, ಅಷ್ಟೆ. ಬಾದಾಮಿಯಲ್ಲೇ, ಬಸ್‌ಸ್ಟ್ಯಾಂಡಿನ ಕಡೆ, ನಮ್ಮವರೇ ಹೆಚ್ಚಾಗಿರುವ ಓಣಿಯಲ್ಲಿ ಹಣ್ಣಿನ ವ್ಯಾಪಾರಿಯೊಬ್ಬರ ಮನೆಯ ಹಿಂಭಾಗ ಸಿಕ್ಕಿತು. ಒಬ್ಬಳಿಗೆ ದೊಡ್ಡದೇ, ಒಂದು ಖೋಲಿ ಬರೀ ಪುಸ್ತಕದ ಡಬ್ಬಗಳಿಗಾಯಿತು. ಪಕ್ಕದ ಮನೆಯ ನೀರಿನ ಟಾಕಿಯ ಮೇಲೆ ಗುಡ್ಡದ ಒಂದು ತುಂಡು ಕಾಣುತ್ತದೆ.

ಸಣ್ಣ ಊರು. ತಪ್ಪಿಸಿಕೊಳ್ಳಲು ಜಾಗವಿಲ್ಲ. ಸಂತೆಯಲ್ಲಿ, ಬ್ಯಾಂಕಿನ ಸರದಿಯಲ್ಲಿ, ಔಷಧ ಅಂಗಡಿಯಲ್ಲಿ ಎದುರಾಗುತ್ತಿದ್ದೆವು. ಮೊದಲ ಸಲ ಅವಳು, “ಇಲ್ಲೇ ಬಂದೇನು?” ಎಂದು ಹಿಗ್ಗಿ ಕೈ ಹಿಡಿಯಲು ಬಂದಳು. ನಾನು, “ಹೌದ್ರಿ, ಬಂದೇನ್ರಿ” ಎಂದೆ. ಆ ‘ರಿ’ ಅವಳಿಗೆ ಎಲ್ಲಿ ತಾಗಿತೆಂದು ಮುಖದ ಮೇಲೇ ಕಂಡಿತು. ಅವಳು ಬೆಳಿಗ್ಗೆ ಹೊಂಡದ ಸುತ್ತ ನಡೆಯುತ್ತಾಳೆಂದು ಗೊತ್ತಾಗಿ ನಾನು ಸಂಜೆ ನಡೆಯತೊಡಗಿದೆ. ಒಂದೇ ಗುಡ್ಡವನ್ನು ಇಬ್ಬರೂ ಬೇರೆ ಬೇರೆ ಬೆಳಕಿನಲ್ಲಿ ನೋಡಿಕೊಂಡು ಎರಡು ವರ್ಷ ಕಳೆದೆವು.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಬಾಗಿಲಿಗೆ ಬಂದಳು. ಯಜಮಾನರು ತೀರಿಕೊಂಡಿದ್ದರು. ಮಗ ಮನೆಯನ್ನು ಪ್ರವಾಸಿಗಳಿಗಾಗಿ ಸಜ್ಜು ಮಾಡುತ್ತಾನಂತೆ, ಇವಳು ಬಿಡಬೇಕಂತೆ. ಊರೆಲ್ಲ ಹುಡುಕಿದರೂ ಎಲ್ಲಿಯೂ ಸಿಕ್ಕಿಲ್ಲ.

ನಿಂತುಕೊಂಡೇ ಕೇಳಿದಳು. “ನಿನ್ನ ಕಡೆ ಒಂದ ಖೋಲಿ ಖಾಲಿ ಐತಂತ ಕೇಳಿದೆ. ಮುಂದ ಎಲ್ಲ್ಯರ ಸಿಗೂತನಕ.”

ಅವಳ ಬೆನ್ನ ಹಿಂದೆ ಓಣಿಯ ಹೆಂಗಸರು ನೋಡುತ್ತಿದ್ದರು. ಅವಳು ಎಡಗಿವಿಯನ್ನು ಬಿಟ್ಟು ಬಲಗಿವಿಯನ್ನು ನನ್ನ ಕಡೆ ವಾಲಿಸಿ ನಿಂತಿದ್ದಳು.

“ಇಲ್ಲ. ತಮ್ಮನ ಮಂದಿ ಬರವರದಾರ” ಎಂದೆ.

ಯಾರೂ ಬರುವವರಿರಲಿಲ್ಲ. ಮಾತು ಸಲೀಸಾಗಿ ಬಾಯಿಗೆ ಬಂತು. ಅವಳು ತಲೆ ಆಡಿಸಿದಳು. ನಂಬಿದಳೆಂದು ತೋರಲಿಲ್ಲ. “ಆತು, ಬರ್ತೇನಿ” ಎಂದು ಛತ್ರಿ ಬಿಚ್ಚಿಕೊಂಡು ನಡೆದಳು. ಕರೆಯಬಹುದಿತ್ತು. ಓಣಿಯ ತಿರುವಿನ ತನಕ ಸಮಯವಿತ್ತು. ಕರೆಯಲಿಲ್ಲ.

ವಾರದೊಳಗೆ ಅವಳು ಖರೇನೇ ಸೊಲ್ಲಾಪುರಕ್ಕೆ ಹೋದಳೆಂದು ಕಾಯಿಪಲ್ಯದವಳಿಂದ ತಿಳಿಯಿತು. ಮಗಳ ಮನೆ ದೊಡ್ಡ ರಸ್ತೆಯ ಮೇಲಿದೆ. ಅಲ್ಲಿ ಲಾರಿಗಳ ಸದ್ದು ಇರಬಹುದು.

ರಮಜಾನ್ ಹಬ್ಬದ ದಿನ ಅವಳ ಫೋನು ಬಂತು. ಎತ್ತಲಿಲ್ಲ. ಇಡೀ ದಿನ ಮನೆಗೆ ಬಂದವರಿಗೆ ಹಾಲು-ಶಾವಿಗೆಯ ಸುರಕುಂಬಾ ಕೊಡುತ್ತ ಆ ಫೋನನ್ನೇ ನೆನೆಯುತ್ತಿದ್ದೆ. ಮರುದಿನ ನಾನೇ ಮಾಡಿದೆ. ನನ್ನ ಮೊಣಕಾಲು ಹೇಗಿದೆ ಎಂದು ಕೇಳಿದಳು. ತನ್ನ ರಕ್ತದೊತ್ತಡದ ಗುಳಿಗೆ ಬದಲಾಗಿದೆಯೆಂದಳು. ಇಲ್ಲಿ ಮಳೆ ಬೇಗ ಬರುವ ಹಾಗಿದೆ ಎಂದೆ. ನಾನು ಹೇಳಿದ್ದು ಕೇಳಿಸದೆ ಎರಡು ಸಲ “ಏನಂದಿ?” ಎಂದಳು, ಎರಡು ಸಲವೂ ದನಿ ಏರಿಸಿ ಮಳೆಯ ಮಾತನ್ನೇ ಹೇಳಿದೆ. ಆಮೇಲೆ ಮೊಮ್ಮಗಳು ಕರೆಯುತ್ತಿದ್ದಾಳೆ ಎಂದು ಅವಳು ಫೋನಿಟ್ಟಳು.