ಡಾಂಬರು ಹಾಳೆಯ ಕೆಳಗಿನ ನಾಗಪ್ಪ

ಮೊನ್ನೆ ಪಕ್ಕದ ಮನೆಯವರು ತಮ್ಮ ಶೆಡ್ಡಿನ ಚಾವಣಿಗೆ ಹೊಸ ಡಾಂಬರು ಹಾಳೆ ಹೊದಿಸಿದರು. ಕಿತ್ತು ಹಾಕಿದ ಹಳೆಯ ಹಾಳೆ ಬಿಸಿಲಲ್ಲಿ ಬಿದ್ದಿತ್ತು. ಅದರ ವಾಸನೆ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಬಂತು. ಡಾಂಬರಿನ ವಾಸನೆಗೆ ನಿಮಗೆ ರಸ್ತೆ ರಿಪೇರಿ ನೆನಪಾಗಬಹುದು. ನನಗೆ ಮಾತ್ರ ಪಂಚಮಿ ಹಬ್ಬ ನೆನಪಾಗಿ, ಬಾಯಲ್ಲಿ ಶೇಂಗಾ ಉಂಡಿಯ ರುಚಿ ಬರುತ್ತದೆ. ಇವಳಿಗೆ ತಲೆ ಕೆಟ್ಟಿದೆ ಎಂದು ಎದ್ದು ಹೋಗಬೇಡಿ, ಸ್ವಲ್ಪ ಕೂತು ಕೇಳಿ.

ವಿಲಾಯಿತಿಯ ಕ್ರೋಯ್ಡನ್ ಊರಿಗೆ ಟ್ರಾಮ್ ಹೊಸದಾಗಿ ಬಂದಿದ್ದ ಕಾಲ. ಧಾರವಾಡದಿಂದ ಬಂದ ನಾವು ಆಫೀಸು ಕಟ್ಟಡಗಳ ಹಿಂದಿನ ಒಂದು ಫ್ಲ್ಯಾಟಿನಲ್ಲಿದ್ದೆವು. ಮೇಲಿನ ಮಹಡಿಯಲ್ಲಿ ವಿಜಾಪುರದ ಗಂಗಕ್ಕ ಇದ್ದಳು. ಲಿಫ್ಟಿನಲ್ಲಿ ಸಿಕ್ಕ ಬಿಳಿಯರಿಗೂ ಕನ್ನಡದಲ್ಲೇ “ಆರಾಮ ಅದೀರೇನ್ರಿ?” ಎಂದು ಕೇಳುವ ಧೈರ್ಯವಂತೆ. ಅವರೂ ನಕ್ಕು ಏನೋ ಹೇಳುತ್ತಿದ್ದರು. ಸುಖದುಃಖ ವಿಚಾರಿಸಿಕೊಳ್ಳಲು ಅವಳಿಗೆ ಭಾಷೆ ಅಂಥ ಅಡ್ಡಿಯೇನೂ ಆಗಲಿಲ್ಲ. ನಾನೋ, ಇಂಗ್ಲಿಷ್ ಎಂ.ಎ. ಮಾಡಿದವಳು, ಲಿಫ್ಟಿನಲ್ಲಿ ನನ್ನ ಚಪ್ಪಲಿ ನೋಡುತ್ತಾ ನಿಲ್ಲುತ್ತಿದ್ದೆ.

ಒಂದು ದಿನ ಲೈಬ್ರರಿಯ ಗೋಡೆಯ ಮೇಲೆ ಗಂಗಕ್ಕ ಒಂದು ಚಿತ್ರ ನೋಡಿದಳು. ಬೂಟು ಹಾಕಿದ ಹೆಂಗಸೊಬ್ಬಳು ಗುಡ್ಡದ ಮೇಲೆ ಕುಡುಗೋಲು ಹಿಡಿದು ನಿಂತಿದ್ದಳು. ಕೆಳಗೆ ‘ಕೈಜೋಡಿಸಲು ಬನ್ನಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ತಂಗೀ, ಇಲ್ಲೂ ಹೊಲದಾಗ ಕಸಾ ತಗಿಯೂ ಮಂದಿ ಅದಾರಲ್ಲವಾ! ನಡಿ, ಹೋಗೂಣು.”

ಹೀಗೆ ನಾವು ಮಾರ್ಗರೆಟ್ಟಳ ಕೈಗೆ ಸಿಕ್ಕೆವು. ಅವಳು ಕೌನ್ಸಿಲ್ಲಿನ, ಅಂದರೆ ಅಲ್ಲಿನ ಪುರಸಭೆಯ, ಕಡೆಯಿಂದ ಆ ಗುಡ್ಡ ನೋಡಿಕೊಳ್ಳುವವಳು. ಹಿಂದೆ ಅಲ್ಲಿ ಹೀದರ್ ಎಂಬ ಮೊಣಕಾಲೆತ್ತರದ ಗಿಡ ಗುಡ್ಡದ ತುಂಬ ಬೆಳೆದು, ಆಗಸ್ಟ್ ಬಂದರೆ ನೇರಳೆ ಹೂವಿನಿಂದ ತುಂಬಿಕೊಳ್ಳುತ್ತಿತ್ತಂತೆ. ದನ ಮೇಯುವುದು ನಿಂತ ಮೇಲೆ ಬರ್ಚ್ ಸಸಿಗಳೂ ಜರಿಗಿಡಗಳೂ ನುಗ್ಗಿ ಅದನ್ನು ಮುಚ್ಚಿಹಾಕಿದವು. ಚಳಿಗಾಲದ ಶನಿವಾರಗಳಲ್ಲಿ ಅವನ್ನು ಕೀಳುವುದು ನಮ್ಮಂಥ ಸ್ವಯಂಸೇವಕರ ಕೆಲಸ. “ಗಿಡ ನೆಡಿರಿ” ಎಂದು ಶಾಲೆಯ ಪ್ರಭಾತಫೇರಿಯಲ್ಲಿ ಗಂಟಲು ಹರಿದುಕೊಂಡವಳು ನಾನು. ಮೊದಲ ಸಸಿ ಕೀಳುವಾಗ ಮೇಷ್ಟರು ಎಲ್ಲಾದರೂ ನೋಡುತ್ತಿದ್ದಾರೇನೋ ಎಂದು ಹಿಂದೆ ತಿರುಗಿ ನೋಡಿದ್ದುಂಟು.

ಬೇಸಿಗೆಯಲ್ಲಿ ಬೇರೆ ಕೆಲಸ. ತೆರವು ಮಾಡಿದ ಜಾಗಕ್ಕೆ ಯಾರು ಯಾರು ಮರಳಿ ಬಂದಿದ್ದಾರೆ ಎಂದು ನೋಡಬೇಕು. ಅದಕ್ಕಾಗಿ ಅಲ್ಲಲ್ಲಿ ಡಾಂಬರು ಹಾಳೆ ಹಾಸಿಡುತ್ತಿದ್ದರು. ಬಿಸಿಲಿಗೆ ಹಾಳೆ ಕಾದರೆ ಹಾವು, ಹಲ್ಲಿಗಳು ಬೆಚ್ಚಗಿರಲು ಅದರ ಕೆಳಗೆ ಸೇರುತ್ತವೆ. ಮೆಲ್ಲಗೆ ಎತ್ತಿ, ನೋಡಿ, ಮತ್ತೆ ಮುಚ್ಚಬೇಕು. ಈ ಕೆಲಸಕ್ಕೆ ಮಾತ್ರ ಗಂಗಕ್ಕ ಸುತರಾಂ ಒಪ್ಪಲಿಲ್ಲ. “ನಾಗಪ್ಪನ ಮನಿ ಬಾಗಲಾ ಹಿಂಗ ಹೇಳದಽ ಕೇಳದಽ ತಗಿಯೂದೇನು?” ಎಂದು ದೂರ ಕೂಡುತ್ತಿದ್ದಳು. ಕೂತು ನಮಗೆಲ್ಲ ಚಹಾ ಬಗ್ಗಿಸುತ್ತಿದ್ದಳು.

ಪಡುವಣ ಇಳಿಜಾರು ಗಂಗಕ್ಕನ ಪಾಲಿಗೆ ಬಂದಿತ್ತು. “ನನ್ನ ಹೊಲ” ಎಂದೇ ಕರೆಯುತ್ತಿದ್ದಳು. ಮೂರು ಚಳಿಗಾಲ ಅಲ್ಲಿ ದುಡಿದಿದ್ದಳು. ಹೀದರ್ ಚಿಗುರಿತ್ತು, ಆದರೆ ಅಲ್ಲಿನ ಹಾಳೆಗಳ ಕೆಳಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ಒಂದು ದಿನ ಮಾರ್ಗರೆಟ್ ಸಪ್ಪಗೆ ಹೇಳಿದಳು: ಈ ಬೇಸಿಗೆಯಲ್ಲೂ ಯಾವ ಪ್ರಾಣಿಯೂ ಕಾಣದಿದ್ದರೆ ಕೌನ್ಸಿಲ್ಲಿನವರು ಆ ಇಳಿಜಾರನ್ನು ಕೈಬಿಡುತ್ತಾರೆ, ಬರ್ಚ್ ಮತ್ತೆ ನುಂಗುತ್ತದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಗಂಗಕ್ಕ ಬಗ್ಗಿಸುತ್ತಿದ್ದ ಚಹಾವನ್ನು ಅಲ್ಲೇ ಬಿಟ್ಟು ತನ್ನ ಇಳಿಜಾರಿಗೆ ಹೋಗಿ ಕೂತಳು. ಅವಳು ಚಹಾ ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದಕ್ಕೆ ಕಾರಣವಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾಗರಪಂಚಮಿ ಅಂದರೆ ತವರುಮನೆ. ಅಣ್ಣ ಕರೆಯಲು ಬರಬೇಕು, ಮರಕ್ಕೆ ಜೋಕಾಲಿ ಕಟ್ಟಬೇಕು, ಡಬ್ಬಿಗಟ್ಟಲೆ ಉಂಡಿ ತಿನ್ನಬೇಕು. ಆಗಸ್ಟಿನ ವಿಮಾನದ ಟಿಕೆಟ್ಟಿನ ಬೆಲೆ ಕೇಳಿದರೇ ಜ್ವರ ಬರುವಂತಿದ್ದಾಗ ಯಾವ ತವರು, ಯಾವ ಜೋಕಾಲಿ? ಪಂಚಮಿ ಬಂದರೆ ಗಂಗಕ್ಕ ಮುಖ ಊದಿಸಿಕೊಂಡು ಮಾರ್ಗರೆಟ್ಟಳ ಗುಡ್ಡಕ್ಕೆ ಹೋಗಿ ಕೂತು, ಸಂಜೆಗೆ ನಗುತ್ತಾ ಇಳಿದು ಬರುತ್ತಿದ್ದಳು. ಅವಳ ತವರು ಅದೇ ಆಗಿತ್ತು.

ಆ ವರ್ಷ ಪಂಚಮಿ ಶನಿವಾರವೇ ಬಂತು. ಇಳಿಜಾರಿನಲ್ಲಿ ಮತ್ತೆ ಚಿಗುರಿದ್ದ ಜರಿಗಿಡ ಸವರಲು ಮಾರ್ಗರೆಟ್ ಎಲ್ಲರ ಕೈಗೂ ಕುಡುಗೋಲು ಕೊಟ್ಟಳು. ಗಂಗಕ್ಕ ತನ್ನದನ್ನು ಹುಲ್ಲಿನ ಮೇಲೆ ಮಲಗಿಸಿದಳು.

“ಇವತ್ತ ಕೊಯ್ಯಬಾರದು, ಅಗೀಬಾರದು. ಹೇಳು ಆಕಿಗೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂಢನಂಬಿಕೆ ಅಂದುಕೊಂಡಾಳೆಂದು ತಡವರಿಸುತ್ತಲೇ ಹೇಳಿದೆ: ಇವತ್ತು ಹಾವಿನ ಹಬ್ಬ, ಹಾವಿಗೆ ನೋವಾಗುವ ಕೆಲಸ ಮಾಡುವುದಿಲ್ಲ. ಮಾರ್ಗರೆಟ್ ಕಣ್ಣರಳಿಸಿದಳು. “ಹಾವಿಗೂ ಒಂದು ಹಬ್ಬವೇ? ಮೊದಲೇ ಹೇಳಬಾರದಿತ್ತೇ! ಸರಿ, ಇವತ್ತು ಬರೀ ನೋಡೋಣ.” ಎಲ್ಲರ ಕುಡುಗೋಲುಗಳೂ ಹುಲ್ಲಿನ ಮೇಲೆ ಮಲಗಿದವು. ಇದನ್ನು ಪುರಾತನ ಜ್ಞಾನ ಎಂದೆಲ್ಲ ನಾನು ಹೇಳಲು ಹೊರಟಿಲ್ಲ. ಹಬ್ಬದ ದಿನ ಕೆಲಸ ಮಾಡುವುದು ಗಂಗಕ್ಕನಿಗೆ ಮೊದಲಿಂದಲೂ ಆಗಿಬರುತ್ತಿರಲಿಲ್ಲ.

ಒಂದೊಂದೇ ಹಾಳೆ ಎತ್ತುತ್ತಾ ಹೋದೆವು. ಇರುವೆ, ಜೇಡ, ಮತ್ತೆ ಇರುವೆ. ಕೊನೆಯ ಹಾಳೆ ಉಳಿದಾಗ ಗಂಗಕ್ಕ ಎದ್ದು ಬಂದಳು. ಸೆರಗು ಸಿಕ್ಕಿಸಿ, ಕೈಮುಗಿದು, “ಹಬ್ಬಕ್ಕ ಬಂದೀನಪ್ಪಾ, ಸಿಟ್ಟಾಗಬ್ಯಾಡ” ಎಂದು ತಾನೇ ಎತ್ತಿದಳು.

ತಾಮ್ರದ ಬಣ್ಣದ, ನುಣ್ಣನೆಯ ಒಂದು ಜೀವ ಸುರುಳಿ ಸುತ್ತಿಕೊಂಡಿತ್ತು. ಸುತ್ತ ಅದರ ಮರಿಗಳು, ಸೀರೆಯ ಜರಿಯ ಎಳೆಗಳಂತೆ ಹೊಳೆಯುತ್ತಿದ್ದವು. ಮಾರ್ಗರೆಟ್ ಬಾಯಿಗೆ ಕೈಯಿಟ್ಟುಕೊಂಡು ಅತ್ತೇಬಿಟ್ಟಳು. ಆಮೇಲೆ ಪಾಪ, ಪ್ರಾಮಾಣಿಕ ಹೆಂಗಸು, ಕಣ್ಣೊರೆಸಿಕೊಂಡು ವಿವರಿಸಿದಳು: ಇದು ಹಾವಲ್ಲ, ಕಾಲಿಲ್ಲದ ಒಂದು ಬಗೆಯ ಹಲ್ಲಿ.

ಇದನ್ನು ಕನ್ನಡದಲ್ಲಿ ಹೇಗೆ ಹೇಳಲಿ? ಗಂಗಕ್ಕ ಆಗಲೇ ಚೀಲದಿಂದ ಹಾಲಿನ ಬಾಟಲಿ ತೆಗೆದಿದ್ದಳು. ಹೇಳಿದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು.

“ಹೌದೇನು? ಇರಲಿ ಬಿಡು. ಇಲ್ಲಿಗೆ ಬಂದು ರೂಪಾ ಬದಲಿ ಮಾಡ್ಯಾನ. ನಾವೇನ ಮಾಡಿಲ್ಲೇನು?”

ಮೈಮೇಲೆ ಮಾತ್ರ ಸುರಿಯಬೇಡ ಎಂದು ಮಾರ್ಗರೆಟ್ ಕೈ ಅಡ್ಡ ಹಿಡಿದಳು. ಗಂಗಕ್ಕ ಹಾಲನ್ನು ಹೀದರ್ ಗಿಡದ ಬುಡಕ್ಕೆ ಎರೆದು ಹಾಳೆ ಮುಚ್ಚಿದಳು. ಡಬ್ಬಿ ತೆರೆದಾಗ ಶೇಂಗಾ ಉಂಡಿ ಎಲ್ಲರ ಕೈಗೂ ಬಂತು. ಕಿತ್ತ ಸಸಿಗಳನ್ನು ಎಳೆಯುವ ಹಗ್ಗವನ್ನು ಗುಡ್ಡದ ಅಂಚಿನ ಓಕ್ ಮರಕ್ಕೆ ಕಟ್ಟಿದೆವು. ಮೊದಲು ಗಂಗಕ್ಕ ಜೀಕಿದಳು, ಆಮೇಲೆ ಬೂಟುಗಾಲಿನ ಮಾರ್ಗರೆಟ್. ಹಿಂದಿನಿಂದ ತಳ್ಳಿದವಳು ನಾನು. ಅಷ್ಟು ನಕ್ಕು ನನಗೆ ಬಹಳ ವರ್ಷಗಳಾಗಿದ್ದವು.

ಇಳಿಜಾರು ಉಳಿಯಿತು. ಈಗಲೂ ಆಗಸ್ಟಿನಲ್ಲಿ ಅಲ್ಲಿ ನೇರಳೆ ಹೂವು ತುಂಬುತ್ತದೆ. ಗಂಗಕ್ಕ ಮಗನ ಜೊತೆ ನಗರದ ಇನ್ನೊಂದು ತುದಿಯ ಕಿಂಗ್ಸ್‌ಬರಿಗೆ ಹೋದಳು. ನಾವು ಫ್ಲ್ಯಾಟ್ ಬಿಟ್ಟು ಹಿತ್ತಿಲಿರುವ ಈ ಮನೆಗೆ ಬಂದೆವು.

ಪಕ್ಕದವರ ಹಳೆಯ ಹಾಳೆಯನ್ನು ನಾನು ಬೇಡಿ ತಂದೆ. ಇವಳಿಗೇಕೆ ಈ ಕಸ ಎಂದು ಅವರು ನೋಡಿದ್ದನ್ನು ಕಾಣದವಳಂತೆ ಹಿತ್ತಿಲ ಮೂಲೆಯಲ್ಲಿ ಹಾಸಿದೆ. ಇವತ್ತು ಪಂಚಮಿ. ನನ್ನ ಗಂಡ ಬೆಳಿಗ್ಗೆಯೇ ಹುಲ್ಲು ಕತ್ತರಿಸುವ ಯಂತ್ರ ತೆಗೆದರು.

“ಇವತ್ತ ಬ್ಯಾಡ್ರಿ. ಕೊಯ್ಯಬಾರದು” ಎಂದೆ, ಒಂದಿಷ್ಟೂ ತಡವರಿಸದೆ. ಅವರು ನನ್ನನ್ನೇ ನೋಡುತ್ತಾ ಯಂತ್ರ ಒಳಗಿಟ್ಟರು.

ಗಂಗಕ್ಕನಿಗೆ ಫೋನು ಹಚ್ಚಿ, ಕಿವಿಗಿಟ್ಟುಕೊಂಡೇ ಹಾಳೆಯ ಅಂಚು ಎತ್ತಿದೆ.

“ಏನೈತಿ?”

“ಇರಿವಿ. ಒಂದು ಬಸವನಹುಳ.”

“ನಾಗಪ್ಪ?”

“ಇನ್ನೂ ಬಂದಿಲ್ಲಕ್ಕಾ.”

“ಮೂರು ಚಳಿಗಾಲ ಕಾದಿದ್ದು ಮರತೀಯೇನವಾ? ಮೆಲ್ಲಕ ಮುಚ್ಚು. ನಾ ಉಂಡಿ ಕಟ್ಟಿಕೊಂಡು ಟ್ಯೂಬ್ ರೈಲು ಹತ್ತತೀನಿ. ನೀ ಒಂದು ಗಟ್ಟಿ ಹಗ್ಗ ಹುಡುಕಿ ಇಡು.”

“ನಿನ್ನ ಮೊಣಕಾಲು ನೋವು?”

“ಕುಂತು ಜೀಕಾಕ ಮೊಣಕಾಲ ಯಾಕ ಬೇಕವಾ? ತಳ್ಳಾಕ ನೀ ಅದಿಯಲ್ಲ!”

ನಾನು ಹಾಳೆಯನ್ನು ಮೆಲ್ಲಗೆ ಮುಚ್ಚಿ, ಹಗ್ಗ ಹುಡುಕಲು ಶೆಡ್ಡಿಗೆ ಹೊರಟೆ.